ಬಿರುಕು ಬಿಡಲೊಲ್ಲದ ತೊಲೆಯವರಿಗೆ

ಮಾನ್ಯ ತೊಲೆಯವರೇ,

ಕೆನಡಾದ ವಿನಿಪೆಗ್ಗಿನ ನಮ್ಮ ಪ್ರಯೋಗಾಲಯದಲ್ಲಿ, ಕೆಳಗೆ ಉಕ್ಕು ಮೇಲೆ ಕಾಂಕ್ರೀಟು ಎಂಬ ಜೋಡಿ ಮೈಯಿಂದ ನೆಮ್ಮದಿಯಾಗಿ ಪವಡಿಸಿರುವ ತಮಗೆ ಸವಿನಯ ವಂದನೆಗಳು. ತಮ್ಮ ಆರೋಗ್ಯ ಅತ್ಯುತ್ತಮವಾಗಿದೆಯೆಂದು ಬಲ್ಲೆ. ಈ ಪತ್ರ ಬರೆಯಬೇಕಾಗಿ ಬಂದದ್ದೇ ಅದರಿಂದ.

ಸೇತುವೆಯ ಮೇಲೆ ಹೋಗುವ ಒಂದು ಲಾರಿ ತಮ್ಮಂಥವರಿಗೆ ಏನೂ ಮಾಡದು. ಆದರೆ ಅದೇ ಭಾರ ವರ್ಷಗಟ್ಟಲೆ ಮತ್ತೆ ಮತ್ತೆ ಬಿದ್ದರೆ ಉಕ್ಕು ಒಳಗೊಳಗೇ ದಣಿದು ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಆ ಬಿರುಕು ಎಲ್ಲಿ, ಯಾವಾಗ ಎಂಬುದೇ ನನ್ನ ಪಿಎಚ್.ಡಿ. ಅದಕ್ಕಾಗಿ ಶರತ್ಕಾಲದಿಂದಲೂ ಉಕ್ಕಿನ ಚೌಕಟ್ಟಿಗೆ ಬಿಗಿದ ಜ್ಯಾಕೊಂದು ತಮ್ಮ ನಡುಬೆನ್ನನ್ನು ಬಿಡುವಿಲ್ಲದೆ ಗುದ್ದುತ್ತಿದೆ. ಈಗ ನದಿಯ ಮಂಜುಗಡ್ಡೆ ಒಡೆಯಿತು, ಮೇಲಿನ ಮಹಡಿಯ ಇತಿಹಾಸ ವಿಭಾಗದವರ ತಾಳ್ಮೆಯೂ ಒಡೆಯಿತು. ತಾವು ಮಾತ್ರ ಹಾಗೇ ಇದ್ದೀರಿ. ಉಕ್ಕನ್ನೂ ಕಾಂಕ್ರೀಟನ್ನೂ ಹಿಡಿದಿಟ್ಟಿರುವ ಆ ಗುಂಡುತಲೆಯ ಗೂಟಗಳಲ್ಲಿ ಒಂದಾದರೂ ಸಡಿಲಗೊಂಡೀತೆಂದು ಕಾದೆ. ಇಷ್ಟು ಪೆಟ್ಟು ತಿಂದೂ ಬೇರೆಯಾಗದ ಜೋಡಿಯನ್ನು ನಾನು ನಮ್ಮ ಬಂಧುಬಳಗದಲ್ಲೂ ಕಂಡಿಲ್ಲ.

ಫೆಬ್ರವರಿಯಲ್ಲಿ ತಾವು ಮಾಡಿದ ಅವಮಾನವನ್ನು ನೆನಪಿಸದೆ ವಿಧಿಯಿಲ್ಲ. ಬಿರುಕು ಎದ್ದು ಕಾಣಲೆಂದು ತಮಗೆ ಸುಣ್ಣ ಬಳಿದಿದ್ದೆವು. ಮೊದಲ ಬಿರುಕಿನ ಪಕ್ಕ ಎಲ್ಲರೂ ಸಹಿ ಹಾಕುವುದು, ಆಮೇಲೆ ಪೆರೋಗಿ ಎಂಬ ಆಲೂಗಡ್ಡೆ ಕಡುಬು ತಿನ್ನುವುದು ನಮ್ಮಲ್ಲಿಯ ಪದ್ಧತಿ. ಒಂದು ಬೆಳಿಗ್ಗೆ ಕೂದಲೆಳೆಯಂಥ ಗೆರೆ ಕಂಡು ಕೂಗಿದೆ. ಯಂತ್ರ ನೋಡಿಕೊಳ್ಳುವ ಡ್ವೇನ್ ಪ್ರೂಡೆನ್ ತನ್ನ ಮನೆಗೆ ಓಡಿ ಪೆರೋಗಿ ಬೇಯಿಸಿ ತಂದ. ಇಡೀ ಲ್ಯಾಬು ಸಹಿ ಹಾಕಿತು. ಕೊನೆಗೆ ಬಂದ ನನ್ನ ಗೈಡ್ ಪ್ರೊಫೆಸರ್ ಫ್ರೀಸೆನ್ ಹೆಬ್ಬೆರಳಿಂದ ಒಮ್ಮೆ ಒರೆಸಿದರು. ಗೆರೆಯೂ ಹೋಯಿತು, ಸಹಿಗಳೂ ಹೋದವು. “ಬಿರುಕು ಬಿಟ್ಟಿರೋದು ಸುಣ್ಣ ಕಣಮ್ಮಾ,” ಎಂದರು. ಡ್ವೇನ್, “ಸುಣ್ಣದ ಮೇಲೇ ಒಂದು ಪಿಎಚ್.ಡಿ. ಮಾಡ್ಬಿಡು ತಾಯಿ, ಪೆರೋಗಿ ಅಂತೂ ವಾಪಸ್ ಕೊಡಕ್ಕಾಗಲ್ಲ,” ಎಂದ. ತಾವು ಮಲಗಿಯೇ ಇದ್ದಿರಿ.

ಆದ್ದರಿಂದ ಕೋರಿಕೆಯೇನೆಂದರೆ, ತಾವು ದಯಮಾಡಿ ನಡುಭಾಗದ ಬೆಸುಗೆಯ ಅಂಚಿನಲ್ಲಿ, ಫೋಟೋಕ್ಕೆ ಬೆಳಕು ಚೆನ್ನಾಗಿರುವ ಹೊತ್ತು ನೋಡಿ, ನನ್ನ ಲೆಕ್ಕಾಚಾರಕ್ಕೆ ಮುಜುಗರವಾಗದಂತೆ, ಚಿಕ್ಕದೊಂದು ಬಿರುಕನ್ನು ಶುಕ್ರವಾರದೊಳಗೆ ಕರುಣಿಸಬೇಕು. ಶುಕ್ರವಾರ ಈ ಚೌಕಟ್ಟು ಬೇರೊಬ್ಬರ ಪ್ರಯೋಗಕ್ಕೆ ಹೋಗುತ್ತದೆ. ಬಿರುಕಿಲ್ಲದೆ ನನ್ನ ಕೊನೆಯ ಅಧ್ಯಾಯವಿಲ್ಲ, ಅಧ್ಯಾಯವಿಲ್ಲದೆ ಪದವಿಯಿಲ್ಲ.

ಇಷ್ಟು ಬರೆದಿಟ್ಟು ನಿನ್ನೆ ಊಟಕ್ಕೆ ಎದ್ದಾಗ ಗುಂಡು ಹಾರಿದಂಥ ಸದ್ದಾಯಿತು. ಜ್ಯಾಕು ನಿಂತಿತು. ಓಡಿ ಬಂದು ತಮ್ಮ ಮೈಯನ್ನೆಲ್ಲ ತಡಕಿದೆ. ಮುರಿದದ್ದು ತಾವಲ್ಲ, ತಮ್ಮನ್ನು ಗುದ್ದುತ್ತಿದ್ದ ಚೌಕಟ್ಟಿನ, ನನ್ನ ಮಣಿಕಟ್ಟಿನಷ್ಟು ದಪ್ಪದ ಬೋಲ್ಟು. ದಣಿದು ಮುರಿಯುವುದು ಹೇಗೆಂಬುದನ್ನು ಅದು ಪುಸ್ತಕದಲ್ಲಿದ್ದಂತೆಯೇ ಮಾಡಿ ತೋರಿಸಿತ್ತು. “ಹೊಡೆಸ್ಕೊಂಡೋರು ಗಟ್ಟಿಯಾಗಿದಾರೆ, ಹೊಡ್ದೋನೇ ಹೋದ,” ಎಂದು ಡ್ವೇನ್ ಟೋಪಿ ತೆಗೆದ. ಹೊಸ ಬೋಲ್ಟು ಬರುವುದು ಮುಂದಿನ ತಿಂಗಳು.

ನಾನು ಅಳುವ ಸಿದ್ಧತೆಯಲ್ಲಿದ್ದೆ. ಪ್ರೊಫೆಸರ್ ಫ್ರೀಸೆನ್, ಯಾವ ತೊಲೆ ಎಷ್ಟು ಪೆಟ್ಟಿಗೆ ಮುರಿಯಿತೆಂದು ತೋರಿಸುವ ನನ್ನ ನಕ್ಷೆ ತರಿಸಿ, ಮುರಿದ ತೊಲೆಗಳ ಚುಕ್ಕೆಗಳಿಂದ ಬಲು ದೂರದಲ್ಲಿ ತಮಗೊಂದು ಚುಕ್ಕೆಯಿಟ್ಟು, ಅದರಿಂದ ಬಲಕ್ಕೊಂದು ಬಾಣ ಎಳೆದರು. ಇಲ್ಲಿಯವರೆಗೂ ಮುರಿದಿಲ್ಲ, ಮುಂದೆಯೂ ಬಾಳುತ್ತಿತ್ತು ಎಂಬುದಕ್ಕೆ ನಮ್ಮವರ ಗುರುತು ಅದು. “ಸೇತುವೆ ಕಟ್ಟೋರಿಗೆ ಬೇಕಾಗಿರೋದು ಇದೇ ಅಲ್ವೇನೇ? ಬರಿ ಹೋಗು,” ಎಂದರು. ಹೀಗೆ, ಏನೂ ಮಾಡದೆ ಮಲಗಿದ್ದು ನನ್ನ ಅಧ್ಯಾಯವನ್ನು ಮುಗಿಸಿಕೊಟ್ಟ ತಮಗೆ ಎಷ್ಟು ಕೃತಜ್ಞತೆ ಸಲ್ಲಿಸಿದರೂ, ಅಷ್ಟೇ ಸಿಟ್ಟು ಉಳಿಯುತ್ತದೆ.

ತಮ್ಮಿಂದ ಸೋತು ಗೆದ್ದ,
ತಮ್ಮ ವಿಶ್ವಾಸಿ,
ಗ್ರೇಟಾ ಥೀಸೆನ್

ತಾ.ಕ.: ತಮ್ಮನ್ನು ಲ್ಯಾಬಿನ ಹಿಂದಿನ ಹಳ್ಳಕ್ಕೆ ಕಾಲುಸೇತುವೆಯಾಗಿ ಹಾಕುವುದೆಂದು ತೀರ್ಮಾನವಾಗಿದೆ. ಕಾರು ನಿಲ್ಲಿಸುವ ಜಾಗಕ್ಕೆ ನನಗಿರುವುದು ಅದೊಂದೇ ದಾರಿ. ಆದಕಾರಣ ಮೇಲ್ಕಂಡ ಕೋರಿಕೆಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ತಾವು ಇದುವರೆಗೆ ನನ್ನ ಒಂದು ಮಾತನ್ನೂ ಕೇಳಿಲ್ಲ, ದಯವಿಟ್ಟು ಈಗ ಶುರುಮಾಡಬೇಡಿ.