ನೈಲ್ ನದಿಯ ಬಂಗುಡೆ

ಆಫೀಸಿನ ಮಾತನ್ನು ಹೆಂಡತಿಗೆ ಹೇಳಬಾರದೆಂಬುದು ಸೇಸಪ್ಪನ ನಿಯಮ. ಹಾಗಾಗಿ ಗುರುವಾರ ಒಮಾನಿನ ದಾರ್ಸೈಟಿನಲ್ಲಿದ್ದ ತನ್ನ ಫ್ಲಾಟಿಗೆ ತಂದಿಟ್ಟ ಹಳೆಯ ಮಡಕೆ ಯಾರದೆಂದು ಹರಿಣಾಕ್ಷಿಗೆ ತಿಳಿಸಲಿಲ್ಲ.

ಅದು ಅವನ ಮ್ಯಾನೇಜರ್, ಈಜಿಪ್ಟಿನ ಅಹ್ಮದ್ ಸಾಹೇಬರದು. ಮನೆಗೆ ಪೈಂಟ್ ಮಾಡಿಸುತ್ತಿದ್ದುದರಿಂದ ಶುಕ್ರವಾರ ಸಂಜೆಯವರೆಗೆ ಇವನಿಗೆ ಒಪ್ಪಿಸಿದ್ದರು. "ಫೇರೋಗಳ ಕಾಲದ್ದು. ತೊಳೆಯಬೇಡ. ಆಗಿನವರು ಏನು ತಿಂದರು, ಯಾರೊಡನೆ ವ್ಯಾಪಾರ ಮಾಡಿದರು, ಎಲ್ಲವನ್ನೂ ಒಳಗಿನ ಕೊಳೆಯೇ ಹೇಳುತ್ತದೆ," ಎಂದಿದ್ದರು. ಸೇಸಪ್ಪ ಊರು ಕಾಣದೆ ಎರಡು ವರ್ಷವಾಗಿತ್ತು. ತಂಗಿಯ ಮದುವೆ ಹತ್ತಿರ ಬಂದಿತ್ತು, ರಜೆ ಸಾಹೇಬರ ಕೈಯಲ್ಲಿತ್ತು. ತಲೆಯ ಮೇಲೆ ಹೊತ್ತುಕೋ ಎಂದಿದ್ದರೂ ಹೊರುತ್ತಿದ್ದ.

ಮರುದಿನ ಮಧ್ಯಾಹ್ನ ಊಟಕ್ಕೆ ಬಂಗುಡೆ ಪುಳಿಮುಂಚಿ. ಕರಾವಳಿಯವರಾದ ನಮಗೆ ಮೀನು ಕಂಡರೆ ಬುದ್ಧಿ ಕೆಲಸ ಮಾಡುವುದಿಲ್ಲ. ಮೂರನೆಯ ಸಲ ಅನ್ನ ಹಾಕಿಸಿಕೊಂಡ ಮೇಲಷ್ಟೇ ಸೇಸಪ್ಪ ಕೇಳಿದ.

"ಇವತ್ತೆಂತ ಮಾರಾಯ್ತಿ, ಊರಿನ ರುಚಿಯೇ ಬಂದಿದೆ?"

"ಅಲ್ಯೂಮಿನಿಯಂ ಪಾತ್ರೆಯಲ್ಲಿ ರುಚಿ ಬರುದಿಲ್ಲ ಅಂತ ಎಷ್ಟು ಸಲ ಹೇಳಿದ್ದೆ. ಅಂತೂ ಮಡಕೆ ತಂದ್ರಲ್ಲ. ಒಳಗೆಲ್ಲ ಎಂತದ್ದೋ ಕೊಳೆ. ನಾರು ಹಾಕಿ ಉಜ್ಜಿ, ಗಂಜಿತಿಳಿ ಕುದಿಸಿ ಪಳಗಿಸಿದೆ."

ಸೇಸಪ್ಪ ತಟ್ಟೆ ಸರಿಸಿ, ಮಡಕೆ ಯಾರದೆಂದು ಹೇಳಿ ತಲೆ ಚಚ್ಚಿಕೊಂಡ. ಅವನ ಗೋಳು ಕೇಳಿ ಪಕ್ಕದ ಫ್ಲಾಟಿನ ಝೊಹರಾ ಓಡಿ ಬಂದಳು.

"ಲಿಂಬೆ ಸಿಪ್ಪೆ ಹಾಕಿ ಉಜ್ಜಿ, ಹರಿಣಾಕ್ಷಿಯಕ್ಕ."

ಉಜ್ಜಿದರು. ಲಿಂಬೆ ಸೇರಿ ಮೀನಿನ ವಾಸನೆ ಇನ್ನಷ್ಟು ಹಸಿವು ಹುಟ್ಟಿಸಿತು. ಮತ್ರಾ ಪೇಟೆಯಲ್ಲಿ ಅಂಗಡಿಯಿಟ್ಟಿದ್ದ ಝೊಹರಾಳ ಗಂಡ ಮುಹಿಯುದ್ದೀನ್ ಧೂಪದ ಸಮೇತ ಬಂದ. "ಲುಬಾನ್ ಹೊಗೆ ಹಾಕಿ ಸೇಸಪ್ಪಣ್ಣ. ಎಂತ ವಾಸನೆ ಇದ್ರೂ ಹೋಗ್ತದೆ."

ಹೋಗಲಿಲ್ಲ. ಮಡಕೆ ಮದುವೆಮನೆಗೆ ಹೊರಟ ಬಂಗುಡೆಯಂತೆ ಘಮಘಮಿಸಿತು.

"ಸತ್ಯ ಹೇಳಿ ಕಾಲು ಹಿಡೀರಿ," ಎಂದಳು ಹರಿಣಾಕ್ಷಿ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ಅಹ್ಮದ್ ಸಾಹೇಬರು ಬಂದವರೇ ಮಡಕೆಯೊಳಗೆ ಮೂಗಿಟ್ಟು ಕಣ್ಣು ಮುಚ್ಚಿದರು.

"ಸಾರಿ ಸರ್, ನಮ್ಮ ಮನೆಯಲ್ಲಿ..."

"ಮಾತಾಡಬೇಡ." ಅವರ ಕಣ್ಣಲ್ಲಿ ನೀರಿತ್ತು. "ಮೀನು. ನೈಲ್ ನದಿಯ ಮೀನು. ಜೊತೆಗೆ ಒಮಾನಿನ ಲುಬಾನ್ ಧೂಪ. ಅಂದರೆ ಆಗಲೇ ಒಮಾನಿಗೂ ನಮಗೂ ವ್ಯಾಪಾರವಿತ್ತು. ಇದು ಕೈರೋ ಸಂತೆಯ ಮಡಕೆ ಅಂತ ಗೆಳೆಯರೆಲ್ಲ ನಗುತ್ತಿದ್ದರು. ನನ್ನ ಮನೆಯ ಎ.ಸಿ.ಯಲ್ಲಿ ಮಲಗಿದ್ದ ವಾಸನೆ ನಿನ್ನ ಮನೆಯ ಸೆಕೆಗೆ ಎದ್ದಿದೆ."

ಸೇಸಪ್ಪ ಸತ್ಯವನ್ನು ನುಂಗಿದ. ಬಂಗುಡೆಯ ಮುಳ್ಳಿಗಿಂತ ಸುಲಭವಾಗಿ ಇಳಿಯಿತು. ಹೋದ ಜೀವ ಬಂದಂತಾಗಿ, ಇದೇ ಸಮಯವೆಂದು ಬಾಯಿಬಿಟ್ಟ. "ಸರ್, ನನ್ನ ರಜೆ..."

ಸಾಹೇಬರು ಅವನನ್ನು ತಬ್ಬಿಕೊಂಡರು. "ರಜೆ ಖಲಾಸ್, ಹಬೀಬಿ. ಕೈರೋದಿಂದ ಪ್ರೊಫೆಸರನ್ನು ಕರೆಸುತ್ತೇನೆ. ಅವರು ಬರುವವರೆಗೆ ಮಡಕೆ ಇಲ್ಲೇ ಇರಲಿ, ಕಾಯಲು ನೀನೂ ಇರು. ಎ.ಸಿ. ಮಾತ್ರ ಹಾಕಬೇಡ."

ಸಾಹೇಬರು ಹೋದ ಮೇಲೆ ಸೇಸಪ್ಪ ಬೆವರುತ್ತ ಕುಳಿತ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ತಂಗಿಯ ಮದುವೆ ತಪ್ಪುತ್ತದೆ. ತನ್ನಂಥ ಬುದ್ಧಿವಂತನನ್ನು ಫೇರೋಗಳೂ ಕಂಡಿರಲಿಕ್ಕಿಲ್ಲ ಅನ್ನಿಸಿತು.

"ಪ್ರೊಫೆಸರ್ ಬರುದು ಯಾವಾಗ?" ಹರಿಣಾಕ್ಷಿ ಕೇಳಿದಳು.

"ಯಾರಿಗೆ ಗೊತ್ತು. ಅಷ್ಟರೊಳಗೆ ವಾಸನೆ ಹೋದ್ರೆ ನನ್ನ ಕತೆ ಮುಗೀತು."

ಅವಳು ಮಡಕೆಯನ್ನೆತ್ತಿ ಅಡುಗೆಮನೆಗೆ ನಡೆದಳು. "ಅದಕ್ಯಾಕೆ ಹೆದರ್ತೀರಿ? ನಾಳೆ ಬೂತಾಯಿ ಮೀನು ತನ್ನಿ."