ಬಾಗಿಲು ಏರಿ ತೆರೆಗೆ ಹೊರಟದ್ದು

ಕೆಲವರ ಕೈಗೆ ಮರ ಸಿಕ್ಕರೆ ಮಂಚವಾಗುತ್ತದೆ, ಪೆಟ್ಟಿಗೆಯಾಗುತ್ತದೆ. ನನ್ನ ಕೈಗೆ ಸಿಕ್ಕರೆ ಮೊದಲು ಒಂದು ಫಜೀತಿಯಾಗುತ್ತದೆ, ಉಳಿದದ್ದೆಲ್ಲ ಆಮೇಲೆ. ನಿಜಾಮ ಸರಕಾರದ ಕಾಲದಲ್ಲಿ ನಾನು ಭಾಲ್ಕಿಯಲ್ಲಿ ಬಡಗಿಯಾಗಿದ್ದೆ. ಊರಿನ ಅರ್ಧ ಮನೆಗಳ ಬಾಗಿಲು ನನ್ನ ಕೈಯಲ್ಲೇ ಆದವು. ನನ್ನ ಮನೆಗೆ ಮಾತ್ರ ಬಾಗಿಲಿರಲಿಲ್ಲ. ಚೌಕಟ್ಟು ಇತ್ತು, ಅದಕ್ಕೊಂದು ಗೋಣಿತಟ್ಟು ನೇತಾಡುತ್ತಿತ್ತು. ನನ್ನ ಹೆಂಡತಿ ಪ್ರತಿ ಸೋಮವಾರ ಆ ಖಾಲಿ ಚೌಕಟ್ಟಿಗೆ ವಿಭೂತಿ ಹಚ್ಚಿ, ತಿರುಗಿ ನನ್ನನ್ನು ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿ ನಾನು ಸೋಮವಾರ ಬೆಳಿಗ್ಗೆ ಬೇಗ ಎದ್ದು ಕೆಲಸಕ್ಕೆ ಹೋಗಿಬಿಡುತ್ತಿದ್ದೆ.

ನಮ್ಮ ಮನೆಗೆ ಬಾಗಿಲು ಕೂಡದಿರಲು ಕಾರಣ ನಾನಲ್ಲ, ಬೀದರಿನ ಒಬ್ಬ ವಕೀಲರು.

ವಕೀಲರು ಕಂಡ ಸಮುದ್ರ

ವಕೀಲರ ಕಪಾಟು ಸರಿಮಾಡಲು ಬೀದರಿಗೆ ಹೋಗಿದ್ದೆ. ಅವರು ಆಗಷ್ಟೇ ಆಗಬೋಟೆಂಬ ಉಗಿಹಡಗಿನಲ್ಲಿ ದೂರದೇಶ ಸುತ್ತಿ ಬಂದಿದ್ದರು. ಬಂದಾಗಿನಿಂದ ಸಮುದ್ರದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕಕ್ಷಿದಾರರು ಹೊಲದ ಬದುವಿನ ಜಗಳ ತಂದರೆ ಇವರು ಅಲೆಯ ಎತ್ತರ ಹೇಳಿ ಕಳಿಸುತ್ತಿದ್ದರು.

"ಅಲ್ಲೊಂದು ನಡುಗಡ್ಡ್ಯಾಗ ಮಂದಿ ಹಲಗಿ ಮ್ಯಾಲ ನಿಂತು ತೆರಿ ಏರಿ ದಂಡಿಗೆ ಬರ್ತಾರ ನೋಡು" ಎಂದರು.

"ಯಾಕ್ರಿ ಸಾಹೇಬ್ರ? ದಂಡ್ಯಾಗ ಏನ ಕೆಲಸ ಇತ್ತು?"

"ಏನೂ ಇಲ್ಲ. ಬರ್ತಾರ, ತಿರುಗಿ ಒಳಗ ಹೋಗ್ತಾರ. ಮತ್ತ ಬರ್ತಾರ."

ಕೆಲಸವಿಲ್ಲದೆ ಹೋಗಿಬರುವುದು ನಮ್ಮ ತಹಸೀಲು ಕಚೇರಿಯಲ್ಲಿ ಮಾತ್ರ ಇದೆ ಎಂದು ತಿಳಿದಿದ್ದೆ. ಆದರೆ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಬರುವುದು! ಅದು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ನಮ್ಮ ಸೀಮೆಯಲ್ಲಿ ಸಮುದ್ರವಿಲ್ಲ, ನಿಜ. ಹಲಗೆ ಇದೆಯಲ್ಲ? ಅರ್ಧ ಕೆಲಸ ಆದಂತೆಯೇ ಅಂದುಕೊಂಡೆ.

ವಕೀಲರು ತೊಡೆ ತಟ್ಟಿ ಹೇಳಿದರು: "ನನ್ನ ಕಣ್ಣ ಮುಂದ ಯಾರು ಹಲಗಿ ಮ್ಯಾಲ ನಿಂತು ತೆರಿ ಏರ್ತಾರೋ, ನನ್ನ ಹೊಸ ಮನಿ ಬಾಗಲಾ ಕಿಟಕಿ ಎಲ್ಲಾ ಕೆಲಸ ಅವರಿಗೆ. ಇದು ವಕೀಲನ ಮಾತು."

ಎಮ್ಮೆಗಳ ತೆರೆ

ಮನೆಗೆ ಬಂದು ನೋಡಿದರೆ ಆಳೆತ್ತರದ ಹಲಗೆ ಗೋಡೆಗೆ ಒರಗಿ ನಿಂತೇ ಇತ್ತು. ನಮ್ಮ ಮನೆಗೆಂದು ಹೆಂಡತಿ ಬೆನ್ನು ಹತ್ತಿ ಮಾಡಿಸಿದ ಸಾಗವಾನಿ ಬಾಗಿಲು. ಕೀಲು ಹಾಕುವುದಷ್ಟೇ ಬಾಕಿ. "ಒಂದು ಸಲ ನೀರಿಗೆ ತೋರಿಸಿ ತರ್ತೇನಿ" ಎಂದು ಹೊತ್ತುಕೊಂಡು ಕೆರೆಗೆ ಹೋದೆ.

ಕೆರೆ ತಟ್ಟೆಯಲ್ಲಿ ಹಾಕಿದ ಅಂಬಲಿಯಂತೆ ತಣ್ಣಗೆ ಬಿದ್ದಿತ್ತು. ತೆರೆಯ ಸುಳಿವೇ ಇಲ್ಲ. ಕಾದು ಕಾದು ಮಧ್ಯಾಹ್ನವಾಯಿತು. ಆಗ ದನ ಕಾಯುವವನೊಬ್ಬ ಊರಿನ ಎಮ್ಮೆಗಳನ್ನೆಲ್ಲ ಹೊಡೆದುಕೊಂಡು ಬಂದ. ಬಿಸಿಲಿಗೆ ಬೆಂದಿದ್ದ ಎಮ್ಮೆಗಳು ಒಟ್ಟಿಗೆ ದಡದಡನೆ ನೀರಿಗೆ ಬಿದ್ದವು. ನೋಡುತ್ತೇನೆ, ದೊಡ್ಡ ತೆರೆಯೊಂದು ನನ್ನತ್ತಲೇ ಬರುತ್ತಿದೆ!

ಬಾಗಿಲ ಮೇಲೆ ಬೋರಲು ಬಿದ್ದೆ. ತೆರೆ ನಮ್ಮನ್ನು ಎತ್ತಿತು. ಇನ್ನೇನು ಏಳಬೇಕು, ತೆರೆಯ ಹಿಂದೆಯೇ ಬಂದ ಒಂದು ಎಮ್ಮೆ ಮುಂಗಾಲೆರಡನ್ನೂ ಬಾಗಿಲ ಮೇಲಿಟ್ಟು, ಅದರ ಮೇಲೆ ಗದ್ದ ಇಟ್ಟು, ಕಣ್ಣು ಮುಚ್ಚಿತು. ನಾನು ಆಚೆ ಕಡೆಯಿಂದ ಜಾರಿ ನೀರಿಗೆ ಬಿದ್ದೆ. ಹೊಡೆದೆ, ಬೈದೆ, ಬಾಲ ಹಿಡಿದು ಎಳೆದೆ. ಅದು ಮೆಲುಕು ಹಾಕುತ್ತ ಹಾಗೆಯೇ ಇತ್ತು. ಎಲ್ಲ ಎಮ್ಮೆಗಳೂ ಎದ್ದು ಮನೆಯ ದಾರಿ ಹಿಡಿದರೂ ಇದು ಏಳಲಿಲ್ಲ.

ದನ ಕಾಯುವವ ದಂಡೆಯಿಂದ ಕೂಗಿದ: "ಬಾಗಲಾ ಭಾಳ ಚಂದ ಮಾಡೀರಿ ಬಿಡ್ರಿ. ನಮ್ಮ ಎಮ್ಮಿಗೆ ಮನಿಗೆ ಹೋಗ್ಲಾಕ ಮನಸs ಇಲ್ಲ!"

ಕೊನೆಗೆ ಎಮ್ಮೆ ಎದ್ದಾಗ ಬಾಗಿಲು ನಡುವೆ ಸೀಳಿತ್ತು. ಎರಡು ತುಂಡನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಹೆಂಡತಿ ಗೋಣಿತಟ್ಟು ಸರಿಸಿ ನೋಡಿದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

"ಇರ್ಲಿ ಬಿಡ್ರಿ," ಎಂದಳು. "ಎಮ್ಮಿಗಾದ್ರೂ ಬಾಗಲಾ ಸಿಕ್ತಲ್ಲ."

ದಡ ಸೇರಿದ ಧೋತ್ರ

ಸಾಗವಾನಿ ಭಾರವಾಯಿತು, ಹಗುರಾದದ್ದು ಬೇಕು ಎಂದು ನಿಶ್ಚಯಿಸಿದೆ. ಈಜು ಕಲಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಬೆಂಡುಗಳನ್ನು ಒಟ್ಟುಮಾಡಿ, ಸಾಲಾಗಿ ಹೊಲಿದು, ಕೆಳಗೆ ಒಣಗಿದ ಸೋರೆಬುರುಡೆ ಕಟ್ಟಿದೆ. ಆ ಹಲಗೆಯನ್ನು ಒಂದೇ ಬೆರಳಲ್ಲಿ ಎತ್ತಬಹುದಿತ್ತು. ಆಷಾಢದ ಗಾಳಿ ಬೀಸುತ್ತಿತ್ತು. ಬೀದರಿನ ಕೆರೆಯಲ್ಲಿ ಸಣ್ಣ ಸಣ್ಣ ತೆರೆ ಏಳುತ್ತಿದ್ದವು. ವಕೀಲರು ಕೊಡೆ ಹಿಡಿದು ದಂಡೆಯಲ್ಲಿ ನಿಂತರು. ಆಚೆ ಬದಿಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ನಡುಗೆರೆಯಲ್ಲಿ ನಾನು ನಿಂತೇಬಿಟ್ಟೆ! ವಕೀಲರು ಕೊಡೆ ಬೀಸಿ "ನಿಂತಾನ! ನಿಂತಾನ!" ಎಂದು ಕೂಗಿದರು. ಅಷ್ಟರಲ್ಲಿ ಗಾಳಿ ನನ್ನ ಧೋತ್ರದೊಳಗೆ ಹೊಕ್ಕಿತು. ಧೋತ್ರ ಡೇರೆಯಂತೆ ಉಬ್ಬಿತು, ಗಂಟು ಬಿಚ್ಚಿತು, ನನ್ನನ್ನು ಬಿಟ್ಟು ಹಾರಿತು. ಹಲಗೆ ಒಂದು ಕಡೆಗೆ ಹೋಯಿತು, ನಾನು ಇನ್ನೊಂದು ಕಡೆಗೆ ಬಿದ್ದೆ. ಧೋತ್ರವೊಂದೇ ತೆರೆಯ ಮೇಲೆ ತೇಲುತ್ತ ಬಟ್ಟೆ ಒಗೆಯುವವರ ಕಲ್ಲಿಗೆ ಹೋಗಿ ತಲುಪಿತು. ಅವರಲ್ಲೊಬ್ಬಳು ಅದನ್ನು ಎತ್ತಿ ನೋಡಿ, ಕೊಳೆಯಾಗಿದೆ ಎಂದು ಒಗೆಯತೊಡಗಿದಳು.

ನಾನು ದಂಡೆಯ ಹತ್ತಿರಕ್ಕೆ ಈಜಿ ಬಂದು ಕುತ್ತಿಗೆವರೆಗೆ ನೀರಿನಲ್ಲಿ ನಿಂತೆ. ಗದ್ದಲ ಕೇಳಿ ಪೋಲೀಸು ಜವಾನನೊಬ್ಬ ಬಂದು, "ಏ, ಬಾಹರ್ ಆ!" ಎಂದು ಗದರಿಸಿದ.

"ಬರ್ತೇನಿ ಸರಕಾರ್, ಧೋತ್ರ ಇಲ್ಲ್ರಿ!"

ಜವಾನ ಆ ಹೆಂಗಸರನ್ನು ನೋಡಿದ, ನನ್ನನ್ನು ನೋಡಿದ. ದನಿ ಮೆತ್ತಗಾಯಿತು. "ತೋ ಅಂದರ್‌ಚ್ ರಹ್ ಭಾಯಿ, ಅಂದರ್‌ಚ್ ರಹ್."

ಧೋತ್ರ ಒಗೆದು, ಹಿಂಡಿ, ಬಿಸಿಲಿಗೆ ಒಣಗುವವರೆಗೆ ನಾನು ಒಳಗೇ ಇದ್ದೆ. ವಕೀಲರು ಮಾತ್ರ ತೀರ್ಪು ಕೊಟ್ಟರು: "ತೆರಿ ಏರಿ ದಂಡಿಗೆ ಬಂದಿದ್ದು ಧೋತ್ರ, ನೀ ಅಲ್ಲ. ಕೆಲಸ ಧೋತ್ರಕ್ಕ ಕೊಡ್ಲಾಕ ಬರಂಗಿಲ್ಲ."

ಮೀಸೆ ಹೊತ್ತು ಹುಟ್ಟಿದ ಕೂಸು

ಭಾಲ್ಕಿಗೆ ಮರಳಿದರೆ ಮನೆಯಲ್ಲಿ ರಾಮಾಯಣವೇ ಆಗಿತ್ತು. ಗೋಣಿತಟ್ಟು ಸರಿಸಿ ನಾಯಿ ಒಳಗೆ ಬಂದು ರೊಟ್ಟಿಯ ಬುಟ್ಟಿಯನ್ನೇ ಹೊತ್ತೊಯ್ದಿತ್ತು. ಹೆಂಡತಿ ಕೂಗಾಡಲಿಲ್ಲ. ಅವಳು ಕೂಗಾಡದಿದ್ದರೆ ನನಗೆ ನಿಜವಾಗಿ ಭಯ.

"ಪಂಚಮಿ ಹಬ್ಬಕ್ಕ ನಮ್ಮಪ್ಪ ನನ್ನ ಕರೀಲಾಕ ಬರ್ತಾನ," ಎಂದಳು. "ಅಷ್ಟರೊಳಗ ಬಾಗಲಾ ಆಗ್ಲಿಲ್ಲಂದ್ರ ಹೋದಾಕಿ ತಿರುಗಿ ಬರಂಗಿಲ್ಲ. ಈ ನಾಯಿ ಜೋಡಿ ಸಂಸಾರ ಮಾಡ್ರಿ."

ಅವಳ ತವರು ಔರಾದ ಕಡೆಯ ಠಾಣಾ ಕುಶನೂರ, ನಡುವೆ ಮಾಂಜ್ರಾ ಹೊಳೆ. ಅವಳಿಲ್ಲದ ಮನೆ ನನಗೆ ಬೇಡವೇ ಬೇಡ. ಮರುದಿನವೇ ಬಾಗಿಲಿಗೆ ಮರ ಕೊಯ್ಯಲು ಕೂತೆ. ಆದರೆ ಪಕ್ಕದಲ್ಲಿ ಯಾರೋ ಮಾಡಿಸಿದ ತೊಟ್ಟಿಲು ಇತ್ತು. ತೊಟ್ಟಿಲಿಗೆ ಸುತ್ತ ಮರದ ಕಂಬಿಗಳ ಕಟಾಂಜನವಿದೆ, ಹಿಡಿದುಕೊಂಡು ನಿಲ್ಲಬಹುದು, ಬೀಳುವ ಮಾತೇ ಇಲ್ಲ! ಇದು ಆ ನಡುಗಡ್ಡೆಯವರಿಗೂ ಹೊಳೆದಿರಲಿಕ್ಕಿಲ್ಲ.

ಅಂದು ಹೊಲಗಳಿಗೆ ಕೆರೆಯ ತೂಬು ಎತ್ತುವವರಿದ್ದರು. ಕಾಲುವೆಯಲ್ಲಿ ತೊಟ್ಟಿಲಿಟ್ಟು, ಸಂದುಗಳಿಗೆ ರಾಳ ಮೆತ್ತಿ, ಒಳಗೆ ಇಳಿದು ಕಾದೆ. ತೂಬು ಎತ್ತಿದರು. ನೀರು ಹೆಡೆ ಎತ್ತಿ ಬಂತು. ನಿಲ್ಲಬೇಕೆಂದು ಎದ್ದೆ, ಧಪ್ಪನೆ ಕೂತೆ. ಕೂತವನ ಸೊಂಟ ಕಟಾಂಜನದ ನಡುವೆ ಸಿಕ್ಕಿಕೊಂಡಿತು. ತೊಟ್ಟಿಲು ಗಿರಗಿರ ತಿರುಗುತ್ತ ಕಾಲುವೆ ದಾಟಿ, ಒಡ್ಡು ಹಾರಿ, ಕಳೆ ತೆಗೆಯುತ್ತಿದ್ದ ಹೆಂಗಸರ ನಡುವೆ ಹೋಗಿ ನಿಂತಿತು.

ಎಲ್ಲರೂ ಕೈಯ ಕುಡುಗೋಲು ಕೆಳಗಿಟ್ಟು ಸುತ್ತ ನೆರೆದರು. ನಾನು ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೆ. ಒಬ್ಬ ಮುದುಕಿ ಬಗ್ಗಿ ನೋಡಿದಳು.

"ಎವ್ವಾ, ಗಂಡು ಕೂಸದ! ಮೀಸಿ ಹೊತ್ತs ಹುಟ್ಯಾದ!"

ಇನ್ನೊಬ್ಬಳು ತೊಟ್ಟಿಲು ತೂಗಿದಳು. ಎಲ್ಲರೂ ಸೇರಿ ಜೋಜೋ ಹಾಡಿದರು. ನಾನು ಕೈಮುಗಿದು, "ಅವ್ವಗೋಳಿರಾ, ಹೊರಗ ತಗೀರಿ" ಎಂದೆ.

"ತಡೀರಿ, ಹೆಸರು ಇಡಲಾರದ ಹ್ಯಾಂಗ ತಗೀಲಿ?" ಎಂದಳು ಮುದುಕಿ. ನನ್ನ ಹಲಗೆಯ ಹುಚ್ಚು ಊರಿಗೆಲ್ಲ ಗೊತ್ತಿತ್ತು; ಕಿವಿಯಲ್ಲಿ ಉಸುರಿ, "ಹಲಗೆಪ್ಪ" ಎಂದು ಹೆಸರಿಟ್ಟಳು.

ಇಂದಿಗೂ ಭಾಲ್ಕಿಯ ಸಂತೆಯಲ್ಲಿ ಹಲಗೆಪ್ಪ ಎಂದು ಕೂಗಿದರೆ ತಿರುಗಿ ನೋಡುವವನು ನಾನೇ.

ಮಾವನವರ ಸವಾರಿ

ಪಂಚಮಿಯ ಹೊತ್ತಿಗೆ ಬಾಗಿಲು ಮುಗಿಸಿದೆ. ಖರೆ ಬಾಗಿಲೇ, ಆಣೆ ಮಾಡಿ ಹೇಳುತ್ತೇನೆ. ಹೊರಗೆ ಹಿಡಿಯಲು ಕಬ್ಬಿಣದ ಬಳೆ, ಒಳಗೆ ಚಿಲಕ, ಎಲ್ಲ ಇತ್ತು. ಆದರೆ ಒಳಬದಿಗೆ ಯಾರಿಗೂ ಕಾಣದ ಹಾಗೆ ಒಂದು ಗೇಣುದ್ದದ ರೆಕ್ಕೆಯನ್ನೂ ಕೂಡಿಸಿದ್ದೆ. ಮೀನಿಗೆ ರೆಕ್ಕೆ ಇರುವುದರಿಂದಲ್ಲವೇ ಅದು ನೀರಿನಲ್ಲಿ ಮಗುಚುವುದಿಲ್ಲ? ಬಳೆಯ ಬದಿ ಮೇಲೆ, ರೆಕ್ಕೆ ನೀರಿನೊಳಗೆ, ಅದರ ಮೇಲೆ ನಾನು. ಇದು ನನ್ನ ಲೆಕ್ಕ.

ಹೊಳೆ ತುಂಬಿ ಹರಿಗೋಲು ನಿಂತಿದೆ ಎಂದು ಸುದ್ದಿ ಬಂತು. ನೋಡಿಬರೋಣವೆಂದು ಬಂಡಿ ಹೂಡಿದೆವು. ಬಾಗಿಲನ್ನೂ ಬಂಡಿಗೆ ಹೇರಿದೆ. "ಹರಿಯೂ ನೀರಾಗ ಒಮ್ಮಿ ನೆನಸಿದ್ರ ಮರ ಸೊಟ್ಟಾಗಂಗಿಲ್ಲ" ಎಂದೆ.

ಹೆಂಡತಿ ನನ್ನ ಮುಖವನ್ನೇ ನೋಡಿದಳು. "ನೆನಸ್ರಿ. ಆದ್ರ ಕೈ ಬಿಡಬ್ಯಾಡ್ರಿ."

ವಕೀಲರಿಗೂ ಮೊದಲೇ ಹೇಳಿ ಕಳಿಸಿದ್ದೆ. ಅವರು ಟಾಂಗಾ ಮಾಡಿಕೊಂಡು ಬಂದು ಕಾಯುತ್ತಿದ್ದರು. ಹೊಳೆ ಕೆಂಪಾಗಿ ಉಕ್ಕುತ್ತಿತ್ತು. ಆಚೆ ದಂಡೆಯ ಹೊಲದವರೆಗೂ ನೀರು ಹರಡಿತ್ತು. ಅಲ್ಲಿ ತಲೆಗೆ ಹಳದಿ ಪಟಗ ಸುತ್ತಿಕೊಂಡು, ಬಂಡಿಯ ಪಕ್ಕದಲ್ಲಿ ನಿಂತವರು ನಮ್ಮ ಮಾವನವರೇ. ಮಗಳನ್ನು ಕರೆಯಲು ಬಂದು ಹೊಳೆ ಇಳಿಯುವುದನ್ನು ಕಾಯುತ್ತಿದ್ದರು.

ಹೆಂಡತಿ ಅಪ್ಪನಿಗೆ ಕೈ ಬೀಸುತ್ತಿದ್ದಾಗ ನಾನು ಬಾಗಿಲು ನೀರಿಗಿಟ್ಟು ಏರಿದೆ. ಒಂದು ತೆರೆ ಬಂತು. ಎದ್ದೆ. ಹಾಗೆಯೇ ಬಿದ್ದೆ. ಕಣ್ಣು ಬಿಟ್ಟಾಗ ನೀರಿನ ನಡುವಿನ ಜಾಲಿಮರವನ್ನು ತಬ್ಬಿಕೊಂಡಿದ್ದೆ. ಮುಳ್ಳು ಎಲ್ಲೆಲ್ಲಿ ನಟ್ಟವೆಂದು ಹೇಳಲಾರೆ. ಬಾಗಿಲು ಮಾತ್ರ ರೆಕ್ಕೆಯ ಮಹಿಮೆಯಿಂದ ಒಮ್ಮೆಯೂ ಮಗುಚದೆ ಆಚೆ ದಡದ ಹತ್ತಿರಕ್ಕೆ ಹೋಗಿಬಿಟ್ಟಿತು.

"ಬಾಗಲಾ ಹೋತು!" ಎಂದು ಹೆಂಡತಿ ಚೀರಿದಳು. ನನ್ನ ಹೆಸರು ಆ ಚೀರಾಟದಲ್ಲಿ ಎಲ್ಲೂ ಇರಲಿಲ್ಲ.

ಮಾವನವರು ನೋಡಿದರು. ಬಾಗಿಲನ್ನು ದಡಕ್ಕೆ ಎಳೆಯಲೆಂದು ಎತ್ತುಗಳನ್ನು ಬಂಡಿಯಿಂದ ಬಿಚ್ಚಿ, ನೊಗದೊಂದಿಗೆ ನೀರಿಗಿಳಿಸಿ, ಬಾಗಿಲ ಬಳೆಗೆ ಹಗ್ಗ ಬಿಗಿದರು. ಹೊಲ ಸಮ ಮಾಡುವಾಗ ಹಲಗೆಯ ಮೇಲೆ ನಿಂತು ಎತ್ತು ಹೊಡೆಯುವುದು ಅವರಿಗೆ ಹುಟ್ಟಿನಿಂದ ಬಂದ ರೂಢಿ. ಎತ್ತಿನ ಹಿಂದೆ ಹಲಗೆ ಕಂಡರೆ ಅವರ ಕಾಲು ತಾನೇ ಏರುತ್ತದೆ. ಏರಿದರು. "ಹೋಯ್!" ಎಂದರು. ನೀರಿಗೆ ಬೆದರಿದ ಎತ್ತುಗಳು ಓಡಿದವು. ಹಿಂದಿನಿಂದ ಹೊಳೆಯ ತೆರೆಯೊಂದು ಎದ್ದು ಬಾಗಿಲನ್ನು ಎತ್ತಿ ಹಿಡಿಯಿತು.

ಮಾವನವರು ತೆರೆಯ ನೆತ್ತಿಯ ಮೇಲೆ ನಿಂತು ತಮ್ಮ ದಡಕ್ಕೆ ಹೊರಟರು! ಒಂದು ಕೈಯಲ್ಲಿ ಹಗ್ಗ. ಇನ್ನೊಂದು ಕೈಯಿಂದ ಚಂಚಿ ತೆಗೆದು, ತಂಬಾಕು ಬಾಯಿಗೆ ಹಾಕಿಕೊಂಡರು. ಪಟಗದ ಒಂದು ಸುತ್ತೂ ಸಡಿಲಾಗಲಿಲ್ಲ. ಜಾಲಿಯ ಮುಳ್ಳಿನ ನಡುವಿನಿಂದ ನಾನು ನೋಡಿದೆ. ಹೊಟ್ಟೆ ಉರಿಯಿತು, ಕಣ್ಣು ತುಂಬಿತು.

ವಕೀಲರು ಕೊಡೆ ಎಸೆದು ಕುಣಿದರು. "ಇದs ಅದು! ನಾ ಕಂಡಿದ್ದು ಇದs! ಯಾರಂವ?"

"ನಮ್ಮಪ್ಪ ಇದ್ದಾನ್ರಿ" ಎಂದಳು ಹೆಂಡತಿ, ಸೆರಗು ಸರಿಮಾಡಿಕೊಂಡು.

"ಆತಗ ಹೇಳವ್ವಾ, ನನ್ನ ಮನಿ ಬಾಗಲಾ ಕಿಟಕಿ ಎಲ್ಲಾ ಕೆಲಸ ಆತಂದು!"

ರೆಕ್ಕೆ

ಹೊಳೆ ಇಳಿಯಿತು, ನಾನೂ ಜಾಲಿಮರದಿಂದ ಇಳಿದೆ. ಹೆಂಡತಿ ತವರಿಗೆ ಹೋದಳು. ಹೋಗುವಾಗ ಗೋಣಿತಟ್ಟನ್ನೂ ಕಿತ್ತುಕೊಂಡು ಹೋದಳು.

ಪಂಚಮಿ ಕಳೆದ ಮೇಲೆ ಕರೆಯಲು ಹೋದೆ. ಕುಶನೂರಿನ ಮನೆಯ ಮುಂದೆ ನಿಂತರೆ ನನ್ನ ಬಾಗಿಲೇ ಎದುರಿಗೆ. ಮಾವನವರು ಹಳೆಯದನ್ನು ಕಿತ್ತು ಇದನ್ನು ಕೂಡಿಸಿದ್ದರು. ನನ್ನದೇ ಬಾಗಿಲನ್ನು ನಾನೇ ಬಡಿದೆ.

"ಯಾರು?" ಹೆಂಡತಿಯ ದನಿ.

"ನಾ ಇದ್ದೇನಿ."

"ನಮ್ಮ ಮನಿಗೆ ಬಾಗಲಾ ಹಚ್ಚಿ ಬಂದೀರೇನು?"

"ಇನ್ನೂ ಇಲ್ಲ."

"ಹಂಗಾದ್ರ ಹಚ್ಚಿ ಬರ್ರಿ. ಬಾಗಲಾ ಹಾಕಿಕೊಂಡು ಕುಂದರೂದು ಭಾಳ ಚಲೋ ಇರ್ತದ, ಈಗ ತಿಳೀತು ನನಗ."

ಮಾವನವರು ಕಿಟಕಿಯಿಂದ ಹಬ್ಬದ ಸಿಹಿ ಉಂಡಿ ಒಂದನ್ನು ಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಅದನ್ನು ತಿನ್ನಲು ಮನಸ್ಸಾಗಲಿಲ್ಲ. ಖಾಲಿ ಮನೆಗೆ ಬಂದು ಊಟ ಬಿಟ್ಟು ಕೆಲಸಕ್ಕೆ ಕೂತೆ. ತೆರೆಯೂ ಬೇಡ, ಸಮುದ್ರವೂ ಬೇಡ. ಈ ಸಲ ರೆಕ್ಕೆ ಇಲ್ಲ, ಮೋಸ ಇಲ್ಲ. ಬಾಗಿಲು ಎಂದರೆ ಬಾಗಿಲು. ಕೀಲಿಗೆ ಎಣ್ಣೆ ಬಿಟ್ಟು ಹೇಳಿ ಕಳಿಸಿದೆ.

ಅಪ್ಪ ಮಗಳು ಬಂಡಿಯಲ್ಲಿ ಬಂದಿಳಿದರು. ಹೆಂಡತಿ ಬಾಗಿಲನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಮುಖ ಅರಳಿತು. ನನಗೆ ಜೀವ ಬಂದಂತಾಯಿತು. ಮಾವನವರು ಒಳಗೆ ಬಂದು ಪಟಗ ತೆಗೆದು, ನೋಡದೆಯೇ ಬಾಗಿಲ ಹಿಂದೆ ಕೈ ಚಾಚಿದರು. ಪಟಗ ಧಪ್ಪನೆ ನೆಲಕ್ಕೆ ಬಿತ್ತು.

ಅವರು ಬಾಗಿಲ ಹಿಂದೆ ಇಣುಕಿದರು. "ಅಳೇಂದ್ರ, ಪಟಗಾ ಸಿಗಸೂ ಗೂಟ ಎಲ್ಲಿ ಅದ? ನಮ್ಮ ಬಾಗಲಕ್ಕ ಎಷ್ಟು ಚಂದ ಮಾಡಿ ಕಳಿಸಿದ್ರಿ! ಊರ ಮಂದಿ ಎಲ್ಲಾ ಬಂದು ನೋಡಿ ಹೋದ್ರು."

ಹೆಂಡತಿಯೂ ಇಣುಕಿದಳು. ಅರಳಿದ ಮುಖ ಮುದುಡಿತು. "ನಮ್ಮಪ್ಪನ ಬಾಗಲಕ್ಕ ಗೂಟ ಇಟ್ಟು, ನನ್ನ ಬಾಗಲಕ್ಕ ಬರೇ ಹಲಗಿ ಬಡದೀರೇನು?" ಎಂದು ಗಂಟು ಎತ್ತಿಕೊಂಡು ಹೋಗಿ ಬಂಡಿಯಲ್ಲಿ ಕೂತಳು.

ನನ್ನ ರೆಕ್ಕೆಯೇ ಅವರ ಗೂಟವಾಗಿತ್ತು; ಬಂಡಿ ಹೊರಡುವ ಮೊದಲೇ ಬಾಚಿ ಹಿಡಿದು ಇನ್ನೊಂದು ರೆಕ್ಕೆ ಕೆತ್ತಿ ಬಡಿದೆ. ಮಾವನವರು ಪಟಗ ಸಿಗಿಸಿದರು, ಅವಳು ಇಳಿದು ಬಂದಳು. ಅಂದಿನಿಂದ ನನಗೆ ಕೈತುಂಬ ಕೆಲಸ. ವಕೀಲರ ಹೊಸ ಮನೆಯ ಬಾಗಿಲುಗಳಿಗೂ ಮಾವನವರ ಅಪ್ಪಣೆಯಂತೆ ನಾನೇ ರೆಕ್ಕೆ ಬಡಿದೆ. ಮೊನ್ನೆ ಒಬ್ಬರಿಗೆ ಸಾದಾ ಬಾಗಿಲು ತೋರಿಸಿದರೆ ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಮೇಲೆಯೇ ಸಿಟ್ಟಾದರು.

"ಏನ್ ಹಲಗೆಪ್ಪ, ರೆಕ್ಕಿ ಇಲ್ಲದ್ದೂ ಒಂದು ಬಾಗಲಾ ಏನು?"