ಭಾವನ ಫೋನ್ ಬಂದರೆ ಎತ್ತಬೇಡಿ!

ನನ್ನ ಭಾವನಂಥ ಪುಕ್ಕಲ ಕಾಳಿ ನದಿಯ ಈಚೆಗೂ ಇಲ್ಲ, ಆಚೆಗೂ ಇಲ್ಲ! ಬಸ್ಸು ಸೇತುವೆ ಹತ್ತಿದರೆ ಸಾಕು, ಟಿಕೆಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಮುಂದಿನ ಸೀಟನ್ನು ಅಪ್ಪಿಕೊಳ್ಳುವ ಮನುಷ್ಯ. ಕಾರವಾರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ಹಾಗಾಗಿ ಮೊಬೈಲ್ ಕಂಡರೆ ನಮಗಿಲ್ಲದ ಭಯ ಅವನಿಗೆ!

"ಶೇರ್ ಒತ್ತಿದ್ಯೋ, ನಿನ್ನ ಫೋಟೋ ಯಾವ ದೇಶದ ಯಾವ ಕಳ್ಳನ ಕೈಗೆ ಹೋಯ್ತೋ ದೇವರಿಗೇ ಗೊತ್ತು ಮಾರಾಯಾ!"

ಅದಕ್ಕೇ ಸ್ವತಃ ಒಂದು ಆ್ಯಪ್ ಬರೆದ. ಅದರಲ್ಲಿ ಹೊಸ ಬಟನ್ನೇ ಇಲ್ಲ, ಇರುವುದು ನಮ್ಮ ಹಳೆಯ ಮಿಸ್ಡ್ ಕಾಲ್! ಫೋಟೋ ತೆಗೆದು, ಬೇಕಾದವರಿಗೆ ರಿಂಗು ಕೊಟ್ಟು ಕಟ್ ಮಾಡಬೇಕು. ಅವರೂ ತಿರುಗಿ ಮಿಸ್ಡ್ ಕಾಲ್ ಕೊಟ್ಟರೆ 'ಕಳಿಸು' ಎಂದರ್ಥ, ಕೊನೆಗೆ ತೆಗೆದ ಫೋಟೋ ತಾನೇ ಹೋಗುತ್ತದೆ. ಎತ್ತಿದರೆ 'ಬೇಡ'.

ಮೊದಲ ಪ್ರಯೋಗ ನನ್ನ ಮೇಲೆ. ರಿಂಗಾಯಿತು, ಎತ್ತಿದೆ.

"ಎತ್ತಿದ್ದೆಂತಕ್ಕೆ?"

"ಫೋನ್ ಬಂದ್ರೆ ಎತ್ತದೇ ಇನ್ನೆಂತ ಮಾಡ್ಬೇಕು ಭಾವ?"

"ಫೋಟೋ ಬೇಡ ಅಂದ ಹಾಗಾಯ್ತಲ್ಲ! ಇಡು, ಇಡು!"

ಪ್ರಯೋಗಕ್ಕೆಂದು ಪ್ರಿನ್ಸಿಪಾಲರ ಫೋನಿಗೂ ಅದನ್ನು ಹಾಕಿಕೊಟ್ಟಿದ್ದ. ಒಂದು ದಿನ ರಜೆ ಕೇಳಲು ಅವರಿಗೆ ಫೋನ್ ಮಾಡಿ, ರಿಂಗಾದೊಡನೆ ಹೆದರಿ ಕಟ್ ಮಾಡಿದ. ಅವರೋ ಮಹಾಜುಗ್ಗರು, ತಿರುಗಿ ಮಿಸ್ಡ್ ಕಾಲ್ ಕೊಟ್ಟರು. ಹೋಯಿತಲ್ಲ, ಡಾಕ್ಟರಿಗೆ ತೋರಿಸಲು ಅಕ್ಕ ಅದೇ ಫೋನಿನಲ್ಲಿ ತೆಗೆದಿದ್ದ ಭಾವನ ಬೆನ್ನಿನ ಕುರುವಿನ ಫೋಟೋ! ರಜೆ ಮಾತ್ರ ಕೂಡಲೇ ಮಂಜೂರಾಯಿತು.

"ವಾಟ್ಸಾಪ್ ಇರೋವಾಗ ಈ ಉಪದ್ವ್ಯಾಪ ಯಾರಿಗೆ ಬೇಕ್ರೀ?" ಎಂದು ಅಕ್ಕ ಗದರಿದಳು.

"ಆಯಿಗೆ," ಎಂದ ಭಾವ.

ಆಯಿ ಎಂದರೆ ಚಿತ್ತಾಕುಲದಲ್ಲಿರುವ ಅವನ ತಾಯಿ. ಮಿಸ್ಡ್ ಕಾಲ್ ಕೊಡುವುದರಾಚೆ ಫೋನಿನಲ್ಲಿ ಏನೂ ತಿಳಿಯದವಳು. ಗಂಡ ಕಡಲಿಂದ ಮರಳದಿದ್ದಾಗ ಕೇರಿಯವರೆಲ್ಲ 'ಬರ್ತಾನೆ, ಬರ್ತಾನೆ' ಎಂದೇ ಸಮಾಧಾನ ಹೇಳಿದ್ದರಂತೆ. ಅಂದಿನಿಂದ ಅವಳಿಗೆ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. ಈಗ ಕಿರಿಯ ಮಗನೂ ಬೋಟಿಗೇ ಹೋಗುತ್ತಾನೆ. ಅವನ ಫೋನಿಗೂ ಆಯಿಯ ಫೋನಿಗೂ ಭಾವ ಆ ಆ್ಯಪ್ ಹಾಕಿಕೊಟ್ಟಿದ್ದ.

ಮೊನ್ನೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಉಳಿದ ಬೋಟುಗಳು ಒಂದೊಂದಾಗಿ ದಡ ಸೇರಿದವು, ಅವನದು ಬರಲಿಲ್ಲ. ನಾವೆಲ್ಲ ಆಯಿಯ ಮನೆಗೆ ಓಡಿದೆವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆಯಿಯ ಫೋನು ರಿಂಗಾಯಿತು. ಅವನದೇ ನಂಬರು!

"ಎತ್ತು ಆಯಿ, ಎತ್ತು!" ನೆರೆಯವರೆಲ್ಲ ಕೂಗಿದರು.

"ಎತ್ತಿದ್ರೆ ಮಾತು ಬರ್ತದೆ. ನಂಗೆ ಮಾತು ಬೇಡ, ಮೋರೆ ಬೇಕು," ಎಂದಳು ಆಯಿ. ರಿಂಗು ನಿಂತಿತು. ತಿರುಗಿ ಮಿಸ್ಡ್ ಕಾಲ್ ಕೊಟ್ಟಳು.

ನಂಬರು ಅವನದು, ಸರಿ. ಫೋನು ಯಾರ ಕೈಯಲ್ಲಿದೆಯೋ? ಬರುವ ಫೋಟೋ ಎಂಥದೋ?

ಫೋಟೋ ನಿಧಾನವಾಗಿ, ಮೇಲಿನಿಂದ ಕೆಳಗೆ ತೆರೆದುಕೊಳ್ಳತೊಡಗಿತು. ಮೊದಲು ಬೂದು ಆಕಾಶ. ಆಮೇಲೆ ಅಂಕೋಲೆಯ ಕಡೆಯ ಬೇಲೆಕೇರಿ ಬಂದರಿನ ದಕ್ಕೆ, ಅಲ್ಲಿ ಕಟ್ಟಿದ ಬೋಟು. ಅದರ ಮುಂದೆ ಒದ್ದೆ ಬಟ್ಟೆಯಲ್ಲಿ ಹಲ್ಲು ಕಿರಿದು ನಿಂತವನು.

ಇಷ್ಟೆಲ್ಲ ಮಾಡಿದ ಭಾವ ಎಲ್ಲಿ? ಬಾಗಿಲ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

"ಆಯಿ, ನೀನೇ ನೋಡು. ಅವನೇ ಹೌದಾ?"

ಆಯಿ ಹೋಗಿ ಅವನ ಪಕ್ಕ ಕೂತು, ಅಷ್ಟು ದೊಡ್ಡ ಮೇಷ್ಟರ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ಅವನೇ ಮಗಾ. ಕಣ್ಣು ಬಿಡು."